ಕೈಬರಹ ಗುರುತಿಸಿದ ಜನರಲ್

ಹೋದ ತಿಂಗಳು ನನ್ನ ಮೊಮ್ಮಗ ಸಿಕ್ಕಿಬಿದ್ದ. ಏಳನೇ ಕ್ಲಾಸು. ಗಣಿತದಲ್ಲಿ ಅಂಕ ಕಡಿಮೆ ಬಂದಿತ್ತು. ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿಯನ್ನು ತಾನೇ ಹಾಕಿಕೊಂಡು, ಶಾಲೆಗೆ ಕೊಡುವ ಮೊದಲು ಅದನ್ನು ಊಟದ ಮೇಜಿನ ಮೇಲೆ ಮರೆತುಬಿಟ್ಟಿದ್ದ. ಅವನ ಅಪ್ಪ ನೋಡಿದ್ದರೆ ಬಹುಶಃ ಗೊತ್ತಾಗುತ್ತಿರಲಿಲ್ಲ. ಆದರೆ ಕಾರ್ಡು ಕಣ್ಣಿಗೆ ಬಿದ್ದದ್ದು ನನಗೆ.

ನಾನು 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಈಗಿನ ಮಕ್ಕಳಿಗೆ ಬ್ಯಾಂಕ್ ಅಂದರೆ ಅಮ್ಮನ ಮೊಬೈಲಿನಲ್ಲಿರುವ ಒಂದು ಸಣ್ಣ ಚೌಕ. ನಮ್ಮ ಕಾಲದಲ್ಲಿ ಕೌಂಟರಿನ ಹಿಂದೆ ಉದ್ದನೆಯ ಮರದ ಡ್ರಾಯರ್ ಇರುತ್ತಿತ್ತು. ಅದರ ತುಂಬ ಖಾತೆದಾರರ ಸಹಿ ಇರುವ ಕಾರ್ಡುಗಳು. ಚೆಕ್ಕು ಬಂದಾಗ ಕಾರ್ಡು ತೆಗೆದು ಎರಡು ಸಹಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಇದನ್ನು ದಿನಕ್ಕೆ ನೂರು ಸಲ ಮಾಡಿದವನಿಗೆ ಅಕ್ಷರಗಳೂ ಮನುಷ್ಯರ ಮುಖದಂತೆ ಕಾಣತೊಡಗುತ್ತವೆ. ನಕಲು ಮಾಡುವವನು ಅಕ್ಷರದ ಆಕಾರವನ್ನು ಸರಿಯಾಗಿಯೇ ಬರೆಯುತ್ತಾನೆ. ಆದರೆ ಪೆನ್ನಿನ ಓಟ ಅವನ ಕೈಗೆ ಬರುವುದಿಲ್ಲ. ನನ್ನ ಮಗ ಸಹಿ ಹಾಕುವಾಗ ಪೆನ್ನು ಕುದುರೆಯಂತೆ ಓಡುತ್ತದೆ. ಮೊಮ್ಮಗನ ಸಹಿ ಹಾಳೆಯ ಮೇಲೆ ಎತ್ತಿನಂತೆ ನಡೆದಿತ್ತು.

ಬೈಯಲಿಲ್ಲ. ಕೂರಿಸಿಕೊಂಡು ಒಂದು ಕಥೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ಫ್ರಾನ್ಸಿನ ಒಬ್ಬ ಸೇನಾಧಿಕಾರಿಯ ಕಥೆ. ಅವರು ಕೊನೆಗೆ ಜನರಲ್ ಆದರು, ಯುದ್ಧಮಂತ್ರಿಯೂ ಆದರು. ಆದರೆ ಅವರ ಹೆಸರು ಉಳಿದಿರುವುದು ಯಾವ ರಣರಂಗದಲ್ಲಿ ಗೆದ್ದದ್ದಕ್ಕೂ ಅಲ್ಲ. ಎರಡು ಕಾಗದಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿದ್ದಕ್ಕೆ.

ಅವರ ಹೆಸರು ಜಾರ್ಜ್ ಪಿಕಾರ್. ಹುಟ್ಟಿದ್ದು 1854ರ ಸೆಪ್ಟೆಂಬರ್ 6ರಂದು, ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ. ಅವರಿಗೆ 16 ವರ್ಷವಾಗುವ ಹೊತ್ತಿಗೆ ಫ್ರಾನ್ಸಿಗೂ ಜರ್ಮನರಿಗೂ ಯುದ್ಧ ಬಂತು. ಸ್ಟ್ರಾಸ್‌ಬರ್ಗಿಗೆ ಮುತ್ತಿಗೆ ಬಿತ್ತು, ಫಿರಂಗಿ ದಾಳಿಯಲ್ಲಿ ಅಲ್ಲಿನ ದೊಡ್ಡ ಗ್ರಂಥಾಲಯವೇ ಸುಟ್ಟುಹೋಯಿತು. ಯುದ್ಧ ಮುಗಿದಾಗ ಊರೇ ಜರ್ಮನಿಗೆ ಸೇರಿತ್ತು. ಹುಟ್ಟಿದೂರು ಪರದೇಶವಾದ ಹುಡುಗ 1872ರಲ್ಲಿ ಸೇನಾಧಿಕಾರಿಗಳನ್ನು ತಯಾರು ಮಾಡುವ ಸೇಂಟ್ ಸಿರ್ ಶಾಲೆಗೆ ಸೇರಿದ. ಓದಿನಲ್ಲಿ ಚುರುಕು. ಆಮೇಲೆ ಆಲ್ಜೀರಿಯಾ, ಈಗಿನ ವಿಯೆಟ್ನಾಮಿನ ಭಾಗವಾದ ಟೋಂಕಿನ್ ಎಂದು ದೂರದೂರದಲ್ಲಿ ಕೆಲಸ ಮಾಡಿ ಬಂದು, ಪ್ಯಾರಿಸಿನ ಉನ್ನತ ಯುದ್ಧಶಾಲೆಯಲ್ಲಿ ಪಾಠ ಹೇಳಿದರು. ಅಲ್ಲಿ ಅವರ ವಿದ್ಯಾರ್ಥಿಗಳಲ್ಲಿ ಆಲ್ಫ್ರೆಡ್ ಡ್ರೇಫಸ್ ಎಂಬ ಅಧಿಕಾರಿಯೂ ಒಬ್ಬರು. ಯೆಹೂದಿ ಮನೆತನದವರು. ಈ ಶಿಷ್ಯನ ಮೇಲೆ ಪಿಕಾರ್ ಅವರಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಯೆಹೂದಿಗಳ ಬಗ್ಗೆ ಆಗಿನ ಸೇನೆಯಲ್ಲಿ ಹರಡಿದ್ದ ತಾತ್ಸಾರ ಇವರಲ್ಲೂ ಇತ್ತು. ಇದನ್ನು ಮುಚ್ಚಿಟ್ಟು ಕಥೆ ಹೇಳಿದರೆ ಅವರು ಮುಂದೆ ಮಾಡಿದ ಕೆಲಸದ ತೂಕ ತಿಳಿಯುವುದಿಲ್ಲ.

1894ರಲ್ಲಿ ಪ್ಯಾರಿಸಿನ ಜರ್ಮನ್ ರಾಯಭಾರ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದ ಹೆಂಗಸೊಬ್ಬಳು ಫ್ರೆಂಚ್ ಗೂಢಚಾರ ವಿಭಾಗದ ಪರವಾಗಿ ಕೆಲಸ ಮಾಡುತ್ತಿದ್ದಳು. ಕಸದ ಬುಟ್ಟಿಯ ಕಾಗದದ ಚೂರುಗಳನ್ನು ಕಟ್ಟಿ ತಂದುಕೊಡುವುದು ಅವಳ ಕೆಲಸ. ಚೂರುಗಳನ್ನು ಅಂಟಿಸಿ ಓದುವುದು ಅಧಿಕಾರಿಗಳ ಕೆಲಸ. ಹಾಗೆ ಬಂದ ಒಂದು ಕಾಗದದಲ್ಲಿ ಫ್ರೆಂಚ್ ಸೇನೆಯ ಗುಟ್ಟುಗಳ ಪಟ್ಟಿಯೇ ಇತ್ತು. ಇವನ್ನೆಲ್ಲ ಕಳಿಸುತ್ತಿದ್ದೇನೆ ಎಂದು ಯಾರೋ ಜರ್ಮನರಿಗೆ ಬರೆದಿದ್ದ. ಸಹಿ ಇರಲಿಲ್ಲ. ಚರಿತ್ರೆಯಲ್ಲಿ ಆ ಕಾಗದಕ್ಕೆ ‘ಬೋರ್ದರೋ’ ಎಂದು ಹೆಸರು. ಫ್ರೆಂಚ್ ಬ್ಯಾಂಕುಗಳಲ್ಲಿ ಹಣ ಕಟ್ಟುವ ಚಲನ್ನಿಗೂ ಇದೇ ಮಾತನ್ನು ಬಳಸುತ್ತಾರೆ ಎಂದು ತಿಳಿದಾಗ ನನಗೆ ಒಂದು ತರಹದ ನಂಟು ಹುಟ್ಟಿತು.

ಬರೆದವರು ಯಾರು? ಅಧಿಕಾರಿಗಳು ಕೈಬರಹ ಹೋಲಿಸಿದರು, ಡ್ರೇಫಸ್ ಅವರದೇ ಅಂದುಬಿಟ್ಟರು. ಒಂದಷ್ಟು ಹೋಲಿಕೆ ಇತ್ತು, ಸುಳ್ಳಲ್ಲ. ಅದಕ್ಕಿಂತ ಹೆಚ್ಚಾಗಿ ಅವರಿಗೆ ಬೇಕಾದ ಆಳು ಸಿಕ್ಕಿದ್ದ. ತಜ್ಞರನ್ನು ಕೇಳಿದರು. ಮೊದಲು ಕೇಳಿದ್ದು ಬ್ಯಾಂಕ್ ಆಫ್ ಫ್ರಾನ್ಸಿನ ಕೈಬರಹ ತಜ್ಞ ಗೋಬೇರ್ ಅವರನ್ನು. ಅವರು, ಇದು ಬೇರೆಯವರ ಬರಹವೂ ಇರಬಹುದು ಅಂದರು. (ನಮ್ಮ ಕಸುಬಿನವರು ಎಂದು ಹೆಮ್ಮೆಯಿಂದ ಬರೆಯುತ್ತಿದ್ದೇನೆ.) ಆ ಉತ್ತರ ಮೇಲಿನವರಿಗೆ ಹಿಡಿಸಲಿಲ್ಲ. ಬೆರ್ಟಿಯೋನ್ ಎಂಬವರನ್ನು ಕರೆಸಿದರು. ಕೈ, ಕಾಲು, ತಲೆ ಅಳತೆ ಮಾಡಿ ಅಪರಾಧಿಗಳನ್ನು ಗುರುತಿಸುವ ವಿಧಾನ ಕಂಡುಹಿಡಿದ ದೊಡ್ಡ ಮನುಷ್ಯ ಅವರು. ಆದರೆ ಕೈಬರಹ ಅವರ ವಿದ್ಯೆಯಲ್ಲ. ಅವರು ಡ್ರೇಫಸ್ ಅವರದೇ ಅಂದರು. ಅಕ್ಷರ ಹೊಂದದ ಕಡೆ ಏನು ಹೇಳುತ್ತೀರಿ ಎಂದರೆ, ಅಲ್ಲಿ ಡ್ರೇಫಸ್ ತನ್ನ ಬರಹವನ್ನು ತಾನೇ ನಕಲು ಮಾಡಿದಂತೆ ಕಾಣಲಿ ಎಂದು ಬೇಕಂತಲೇ ಬದಲಾಯಿಸಿದ್ದಾನೆ ಎಂದರು! ಹೊಂದಿದರೂ ಅವನೇ, ಹೊಂದದಿದ್ದರೂ ಅವನೇ. ಈ ಲೆಕ್ಕದಲ್ಲಿ ಚೆಕ್ಕು ಪಾಸು ಮಾಡಿದ್ದರೆ ನನ್ನನ್ನು ಒಂದೇ ವಾರದಲ್ಲಿ ಮನೆಗೆ ಕಳಿಸುತ್ತಿದ್ದರು.

1894ರ ಅಕ್ಟೋಬರ್ 15ರ ಬೆಳಿಗ್ಗೆ ಡ್ರೇಫಸ್ ಅವರನ್ನು ಕಚೇರಿಗೆ ಬರಹೇಳಿದರು. ಎದುರುಗೊಂಡು ಒಳಗೆ ಕರೆದುಕೊಂಡು ಹೋದವರು ಬೇರೆ ಯಾರೂ ಅಲ್ಲ, ಪಿಕಾರ್. ಒಳಗೆ ದ್ಯು ಪಾಟಿ ಎಂಬ ಅಧಿಕಾರಿ, ನನ್ನ ಬೆರಳಿಗೆ ನೋವಾಗಿದೆ, ನೀವು ಬರೆದುಕೊಡಿ ಎಂದು ಆ ಪಟ್ಟಿಯ ಮಾತುಗಳನ್ನೇ ಸೇರಿಸಿ ಉಕ್ತಲೇಖನ ಬರೆಸಿದ. ಬರೆಸಿದ ಮೇಲೆ ಬಂಧಿಸಿದ. ಮುಂದೆ ಡಿಸೆಂಬರಿನಲ್ಲಿ ಸೇನಾ ನ್ಯಾಯಾಲಯದ ವಿಚಾರಣೆ ನಡೆದಾಗ ಪಿಕಾರ್ ಯುದ್ಧಮಂತ್ರಿಯ ಪರವಾಗಿ ಕೂತು ಎಲ್ಲವನ್ನೂ ನೋಡಿದರು. ಆರೋಪಿಗೂ ಅವರ ವಕೀಲರಿಗೂ ತೋರಿಸದೆ ಒಂದು ಗುಟ್ಟಿನ ಕಡತವನ್ನು ನ್ಯಾಯಾಧೀಶರಿಗೆ ಕೊಟ್ಟದ್ದು ಅವರಿಗೆ ಗೊತ್ತಿತ್ತು. ಆಗ ಸುಮ್ಮನಿದ್ದರು. 1895ರ ಜನವರಿ 5ರಂದು ಸೈನಿಕರ ಸಾಲಿನ ಮುಂದೆ ಡ್ರೇಫಸ್ ಅವರ ಸಮವಸ್ತ್ರದ ಪಟ್ಟಿಗಳನ್ನು ಕಿತ್ತು ಕತ್ತಿಯನ್ನು ಮುರಿದರು. ನಾನು ನಿರಪರಾಧಿ ಎಂದು ಅವರು ಕೂಗುತ್ತಲೇ ಇದ್ದರು. ಅಲ್ಲೂ ಪಿಕಾರ್ ಇದ್ದರು. ಡ್ರೇಫಸ್ ಅವರನ್ನು ದಕ್ಷಿಣ ಅಮೆರಿಕದ ಕರಾವಳಿಯಾಚೆಯ ‘ದೆವ್ವದ ದ್ವೀಪ’ ಎಂಬ ಬೋಳು ನಡುಗಡ್ಡೆಗೆ ಒಯ್ದು ಒಂಟಿಯಾಗಿ ಕೂಡಿಹಾಕಿದರು.

ಆರು ತಿಂಗಳು ಕಳೆಯಿತು. 1895ರ ಜುಲೈನಲ್ಲಿ ಪಿಕಾರ್ ಆ ಗೂಢಚಾರ ವಿಭಾಗಕ್ಕೇ ಮುಖ್ಯಸ್ಥರಾದರು. ಮರುವರ್ಷ ಲೆಫ್ಟಿನೆಂಟ್ ಕರ್ನಲ್. ಇಡೀ ಫ್ರೆಂಚ್ ಸೇನೆಯಲ್ಲಿ ಆ ದರ್ಜೆಯ ಅತ್ಯಂತ ಕಿರಿಯ ಅಧಿಕಾರಿ. ಮುಂದಿನ ದಾರಿಯೆಲ್ಲ ಸಲೀಸು, ಬಾಯಿ ಮುಚ್ಚಿಕೊಂಡಿದ್ದರೆ.

1896ರ ಮಾರ್ಚಿನಲ್ಲಿ ಅದೇ ಕಸದ ಬುಟ್ಟಿಯಿಂದ ಇನ್ನೊಂದು ಕಂತೆ ಬಂತು. ಅದರಲ್ಲಿ ಒಂದು ನೀಲಿ ಕಾರ್ಡು, ಮೂವತ್ತಕ್ಕೂ ಹೆಚ್ಚು ಚೂರು. ಆಗ ಪ್ಯಾರಿಸಿನ ನೆಲದಡಿಯಲ್ಲಿ ಕೊಳವೆಗಳ ಜಾಲವಿತ್ತು. ಗಾಳಿಯ ಒತ್ತಡದಿಂದ ಕಾಗದಗಳನ್ನು ಒಂದು ಅಂಚೆ ಕಚೇರಿಯಿಂದ ಇನ್ನೊಂದಕ್ಕೆ ತಳ್ಳುತ್ತಿದ್ದರು. ಆ ಕಾರ್ಡಿನ ಬಣ್ಣ ನಮ್ಮ ಇನ್‌ಲ್ಯಾಂಡ್ ಲೆಟರಿನ ಹಾಗೆ ನೀಲಿ, ಆದ್ದರಿಂದ ಜನ ಅದನ್ನು ‘ಪೆಟಿ ಬ್ಲೂ’, ಅಂದರೆ ‘ಪುಟ್ಟ ನೀಲಿ’ ಎಂದು ಕರೆಯುತ್ತಿದ್ದರು. ಹರಿದು ಎಸೆದಿದ್ದ ಈ ಪುಟ್ಟ ನೀಲಿಯ ಮೇಲೆ ವಿಳಾಸವಿತ್ತು: ಮೇಜರ್ ಎಸ್ಟರ್‌ಹಾಜಿ. ಜರ್ಮನ್ ಅಧಿಕಾರಿ ಫ್ರೆಂಚ್ ಸೇನೆಯ ಮೇಜರನೊಬ್ಬನಿಗೆ ಕಾಗದ ಬರೆಯುವುದೇಕೆ? ಡ್ರೇಫಸ್ ದ್ವೀಪದಲ್ಲಿದ್ದಾರೆ, ಗುಟ್ಟು ಮಾರುವವನು ಇನ್ನೂ ಪ್ಯಾರಿಸಿನಲ್ಲೇ ಇದ್ದಾನೆ!

ಪಿಕಾರ್ ಸದ್ದಿಲ್ಲದೆ ವಿಚಾರಿಸಿದರು. ಎಸ್ಟರ್‌ಹಾಜಿ ಜೂಜುಕೋರ, ಕುತ್ತಿಗೆಯವರೆಗೆ ಸಾಲ. ಅಷ್ಟರಲ್ಲಿ ಅವನೇ ಯುದ್ಧ ಇಲಾಖೆಯಲ್ಲಿ ಕೆಲಸ ಬೇಡಿ ಬರೆದ ಕಾಗದಗಳು ಪಿಕಾರ್ ಕೈಗೆ ಸಿಕ್ಕಿದವು. ಆಗಸ್ಟ್ ಕೊನೆಯ ಒಂದು ದಿನ ಅವರು ಆ ಕಾಗದಗಳನ್ನು ನೋಡುತ್ತ ಕೂತಿದ್ದಾಗ, ಈ ಅಕ್ಷರ ಎಲ್ಲೋ ನೋಡಿದ ಹಾಗಿದೆಯಲ್ಲ ಅನಿಸಿತು. ಡ್ರೇಫಸ್ ಅವರನ್ನು ದ್ವೀಪಕ್ಕೆ ಕಳಿಸಿದ ಆ ಬೋರ್ದರೋದ ಫೋಟೋ ತಂದು ಪಕ್ಕದಲ್ಲಿಟ್ಟರು. ಹೋಲಿಕೆ ಎನ್ನುವ ಮಾತೇ ಇಲ್ಲ. ಅದೇ ಕೈ.

ಆ ಕ್ಷಣ ಹೇಗಿದ್ದೀತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಹೊಟ್ಟೆಯೊಳಗೆ ಒಂದು ತಣ್ಣನೆಯ ಭಾವ. ಕೌಂಟರಿನಲ್ಲಿ ಕೂತವರಿಗೆ ಅದರ ಪರಿಚಯವಿದೆ.

ಪಿಕಾರ್ ಹೆಸರು ಮುಚ್ಚಿ ಆ ಕಾಗದವನ್ನು ಬೆರ್ಟಿಯೋನ್ ಅವರಿಗೆ ತೋರಿಸಿದರು. ಅವರು ನೋಡಿದವರೇ, ಇದು ಬೋರ್ದರೋ ಬರೆದವನದೇ ಅಂದರು. ಇದು ಇತ್ತೀಚೆಗೆ ಬರೆದದ್ದು ಎಂದಾಗಲೂ ಅವರು ಕಂಗೆಡಲಿಲ್ಲ. ಹಾಗಾದರೆ ಯೆಹೂದಿಗಳು ಒಂದು ವರ್ಷದಿಂದ ಯಾರಿಗೋ ಆ ಬರಹವನ್ನು ಅಭ್ಯಾಸ ಮಾಡಿಸಿದ್ದಾರೆ ಎಂದರಂತೆ. ದ್ಯು ಪಾಟಿಗೆ ತೋರಿಸಿದರೆ, ಇದು ಡ್ರೇಫಸನ ಅಣ್ಣ ಮ್ಯಾಥ್ಯೂ ಬರೆದದ್ದು ಅಂದ! ಇಲ್ಲಿಗೆ ಬಂದಾಗ ನನ್ನ ಮೊಮ್ಮಗ ಬಿದ್ದು ಬಿದ್ದು ನಕ್ಕ. ಪಿಕಾರ್ ನಗಲಿಲ್ಲ. ಗುಟ್ಟಿನ ಕಡತ ತರಿಸಿ ಓದಿದರು. ಡ್ರೇಫಸ್ ತಪ್ಪು ಮಾಡಿದ್ದಕ್ಕೆ ಅದರಲ್ಲಿ ಪುರಾವೆಯೇ ಇರಲಿಲ್ಲ.

ಅವರು ಸೇನೆಯ ಮುಖ್ಯಸ್ಥರಾದ ಜನರಲ್ ಬ್ವಾಡೆಫ್ರೆ ಅವರ ಬಳಿ ಹೋದರು. ಆಮೇಲೆ ಅವರ ಕೈಕೆಳಗಿನ ಜನರಲ್ ಗೋನ್ಸ್ ಬಳಿ. ಗೋನ್ಸ್, ಎರಡು ವಿಷಯಗಳನ್ನು ಬೇರೆ ಬೇರೆ ಇಡಿ ಎಂದರು. ಅಂದರೆ ಎಸ್ಟರ್‌ಹಾಜಿ ಕಳ್ಳನಾದರೆ ಹಿಡಿಯೋಣ, ಆದರೆ ಡ್ರೇಫಸ್ ಮಾತೆತ್ತಬೇಡಿ. ಸೆಪ್ಟೆಂಬರಿನಲ್ಲಿ ಮತ್ತೆ ಮಾತು ನಡೆಯಿತು. ಆ ಯೆಹೂದಿ ದ್ವೀಪದಲ್ಲೇ ಇದ್ದರೆ ನಿಮಗೇನು ಎಂದು ಗೋನ್ಸ್ ಕೇಳಿದರಂತೆ. ಅವನು ನಿರಪರಾಧಿಯಲ್ಲವೇ ಎಂದರು ಪಿಕಾರ್. ನೀವು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದರು ಗೋನ್ಸ್. ಈ ಗುಟ್ಟನ್ನು ನಾನು ಗೋರಿಯೊಳಕ್ಕೆ ಒಯ್ಯುವುದಿಲ್ಲ ಎಂದು ಹೇಳಿ ಪಿಕಾರ್ ಹೊರಬಂದರು. ಈ ಮಾತುಕತೆಯನ್ನು ಮುಂದೆ ಹೇಳಿದವರು ಪಿಕಾರ್ ಅವರೇ. ಗೋನ್ಸ್ ಇದನ್ನು ಒಪ್ಪಲಿಲ್ಲ. ನಾನು ಪಿಕಾರ್ ಅವರನ್ನು ನಂಬುತ್ತೇನೆ.

ನಂಬುವುದಕ್ಕೆ ಕಾರಣವಿದೆ. ಎಂಬತ್ತರ ದಶಕದ ಮೊದಲಲ್ಲಿ ನಾನಿದ್ದ ಒಂದು ಶಾಖೆಯಲ್ಲಿ ಒಬ್ಬ ಖಾತೆದಾರರ ಉಳಿತಾಯ ಖಾತೆಯಿಂದ 400 ರೂಪಾಯಿ ಅವರಿಗೆ ತಿಳಿಯದೆ ಹೋಗಿತ್ತು. ಹಣ ತೆಗೆಯುವ ಚೀಟಿಯನ್ನು ಒಳಗೆ ತಂದುಕೊಟ್ಟವನು ಅಟೆಂಡರ್, ಆದ್ದರಿಂದ ಅವನ ಮೇಲೆ ಬಂತು. ನಾನು ಆ ಚೀಟಿ ನೋಡಿದೆ. ಅದರಲ್ಲಿದ್ದ 7ಕ್ಕೆ ನಡುವೆ ಒಂದು ಅಡ್ಡಗೀಟು. ನಮ್ಮ ಶಾಖೆಯಲ್ಲಿ ಹಾಗೆ 7 ಬರೆಯುವವರು ಒಬ್ಬರೇ, ಅವರು ಅಟೆಂಡರ್ ಅಲ್ಲ. ಮೇಲಿನವರಿಗೆ ಹೋಗಿ ಹೇಳಿದೆ. “ನಿಮಗ್ಯಾಕ್ರೀ ಆ ಉಸಾಬರಿ? ಅವನು ದುಡ್ಡು ಕಟ್ಟೋಕೆ ಒಪ್ಪಿದಾನಲ್ಲ, ಮುಗೀತು” ಅಂದರು. ಮನೆಯಲ್ಲಿ ಮೂರು ತಿಂಗಳ ಮಗು. ಟ್ರಾನ್ಸ್‌ಫರ್ ಆದರೆ ಗತಿಯೇನು ಎಂಬ ಭಯ. ನಾನು ಸುಮ್ಮನಾದೆ. ಅಟೆಂಡರ್ ತಿಂಗಳಿಗೆ 40 ರೂಪಾಯಿಯಂತೆ 10 ತಿಂಗಳು ಕಟ್ಟಿದ. ಅವನು ಕಟ್ಟುತ್ತಿದ್ದ ಚಲನ್ನಿಗೆ ಪ್ರತಿ ತಿಂಗಳೂ ಮುದ್ರೆ ಒತ್ತಿದವನು ನಾನೇ.

ಪಿಕಾರ್ ಅವರಿಗೂ ಟ್ರಾನ್ಸ್‌ಫರ್ ಬಂತು. 1896ರ ನವೆಂಬರಿನಲ್ಲಿ ಪ್ಯಾರಿಸಿನಿಂದ ಎತ್ತಂಗಡಿ, ಕೊನೆಗೆ ಸಮುದ್ರದಾಚೆಯ ಟ್ಯುನೀಷಿಯಾಕ್ಕೆ. ಅಲ್ಲಿಂದ ಇನ್ನೂ ಮುಂದೆ, ಹೋದವರ ಜೀವಕ್ಕೆ ಭರವಸೆಯಿಲ್ಲದ ಗಡಿ ಪ್ರದೇಶಕ್ಕೆ ಅವರನ್ನು ಕಳಿಸಲು ಪ್ಯಾರಿಸಿನಿಂದ ಆಜ್ಞೆ ಹೋಯಿತು. ಟ್ಯುನೀಷಿಯಾದ ದಂಡನಾಯಕ ಜನರಲ್ ಲೆಕ್ಲರ್ಕ್ ಅವರಿಗೆ ಏನೋ ಅನುಮಾನ ಬಂದು, ಅಷ್ಟು ದೂರ ಹೋಗಬೇಡಿ ಎಂದು ತಡೆದರು. ಪಿಕಾರ್ ತಮಗೆ ತಿಳಿದದ್ದನ್ನೆಲ್ಲ ಬರೆದು, ನಾನು ಸತ್ತರೆ ಇದನ್ನು ರಾಷ್ಟ್ರಾಧ್ಯಕ್ಷರಿಗೆ ಮುಟ್ಟಿಸತಕ್ಕದ್ದು ಎಂದು ಲಕೋಟೆಯಲ್ಲಿ ಮುಚ್ಚಿಟ್ಟರು. ರಜೆಯಲ್ಲಿ ಬಂದಾಗ ಬಾಲ್ಯದ ಗೆಳೆಯ, ವಕೀಲ ಲೆಬ್ಲುವಾ ಅವರ ಬಳಿ ಹೇಳಿಕೊಂಡರು. ಅಲ್ಲಿಂದ ವಿಷಯ ಸೆನೆಟ್ಟಿನ ಉಪಾಧ್ಯಕ್ಷರ ಕಿವಿಗೆ ಬಿತ್ತು.

ಇತ್ತ ಕಚೇರಿಯಲ್ಲಿ ಪಿಕಾರ್ ಕೈಕೆಳಗೆ ಇದ್ದ ಹೆನ್ರಿ ಎಂಬ ಅಧಿಕಾರಿ ಒಂದು ಕೆಲಸ ಮಾಡಿದ್ದ. ಡ್ರೇಫಸ್ ವಿರುದ್ಧ ಪುರಾವೆ ಇಲ್ಲವೇ, ಮಾಡಿದರಾಯಿತು! ಇಟಲಿಯ ಸೇನಾ ಪ್ರತಿನಿಧಿ ಜರ್ಮನ್ ಪ್ರತಿನಿಧಿಗೆ ಬರೆದ ಹಳೆಯ ನಿಜವಾದ ಕಾಗದದ ತಲೆ ಮತ್ತು ಬಾಲ ಇಟ್ಟುಕೊಂಡು, ನಡುವೆ ಡ್ರೇಫಸ್ ಹೆಸರು ಬರುವಂತೆ ಹೊಸದಾಗಿ ಬರೆಸಿದ ಹಾಳೆಯನ್ನು ಜೋಡಿಸಿ ಅಂಟಿಸಿದ.

ಆಮೇಲಿನ ಎರಡು ವರ್ಷ ಫ್ರಾನ್ಸಿನಲ್ಲಿ ಮನೆಮನೆಯೂ ಇಬ್ಭಾಗ. ಊಟಕ್ಕೆ ಕೂತ ಬಂಧುಗಳು ಜಗಳವಾಡಿ ಏಳುತ್ತಿದ್ದರು. ಬೋರ್ದರೋದ ನಕಲನ್ನು ಮ್ಯಾಥ್ಯೂ ಡ್ರೇಫಸ್ ಅಚ್ಚು ಹಾಕಿಸಿ ಹಂಚಿದ್ದರು. 1897ರ ನವೆಂಬರಿನಲ್ಲಿ ಅದು ಕಾಸ್ಟ್ರೋ ಎಂಬ ಷೇರು ದಲ್ಲಾಳಿಯ ಕಣ್ಣಿಗೆ ಬಿತ್ತು. ಅಯ್ಯೋ, ಇದು ನನ್ನ ಗಿರಾಕಿ ಎಸ್ಟರ್‌ಹಾಜಿಯ ಅಕ್ಷರ ಅಂದರು ಅವರು. ನೋಡಿ, ಇಲ್ಲಿಯೂ ದುಡ್ಡಿನ ವ್ಯವಹಾರದವರೇ! ಎಸ್ಟರ್‌ಹಾಜಿಯ ವಿಚಾರಣೆ ನಡೆಸಲೇಬೇಕಾಯಿತು. ಸೇನಾ ನ್ಯಾಯಾಧೀಶರು ಮೂರೇ ನಿಮಿಷ ಯೋಚಿಸಿ 1898ರ ಜನವರಿ 11ರಂದು ಅವನನ್ನು ಬಿಟ್ಟುಬಿಟ್ಟರು. ಎರಡು ದಿನದ ಮೇಲೆ ಕಾದಂಬರಿಕಾರ ಎಮಿಲ್ ಜೋಲಾ ತಪ್ಪಿತಸ್ಥ ಸೇನಾಧಿಕಾರಿಗಳ ಹೆಸರು ಹಿಡಿದು ರಾಷ್ಟ್ರಾಧ್ಯಕ್ಷರಿಗೆ ಬಹಿರಂಗ ಪತ್ರ ಬರೆದರು. ಅದೇ ದಿನ ಬಂಧನವಾದದ್ದು ಯಾರಿಗೆ ಗೊತ್ತೇ? ಪಿಕಾರ್ ಅವರಿಗೆ. ಫೆಬ್ರವರಿಯಲ್ಲಿ ಸೇನೆಯಿಂದ ವಜಾ. ಮಾರ್ಚಿನಲ್ಲಿ ಹೆನ್ರಿಯ ಜೊತೆ ಕತ್ತಿಯ ದ್ವಂದ್ವಯುದ್ಧ. ಆಗಿನ ದೊರೆಗಳ ಹುಚ್ಚು ಪದ್ಧತಿ ಅದು. ಹೆನ್ರಿಯ ತೋಳಿಗೆ ಗಾಯವಾಯಿತು.

ಜುಲೈನಲ್ಲಿ ಹೊಸ ಯುದ್ಧಮಂತ್ರಿ ಕವೆನ್ಯಾಕ್ ಹೆನ್ರಿಯ ಆ ಅಂಟಿಸಿದ ಕಾಗದವನ್ನು ಸಂಸತ್ತಿನಲ್ಲಿ ಗಟ್ಟಿಯಾಗಿ ಓದಿದರು. ಭಾಷಣವನ್ನು ಅಚ್ಚು ಮಾಡಿಸಿ ಊರೂರಿನ ಗೋಡೆಗೆ ಹಚ್ಚಿದರು. ಪಿಕಾರ್ ಪ್ರಧಾನಿಗೆ ಬಹಿರಂಗವಾಗಿ ಬರೆದರು: ಮಂತ್ರಿಗಳು ಓದಿದ ಮೂರು ಕಾಗದಗಳಲ್ಲಿ ಎರಡು ಡ್ರೇಫಸ್ ಅವರಿಗೆ ಸಂಬಂಧಿಸಿದ್ದಲ್ಲ, ಮೂರನೆಯದು ಖೋಟಾ. ಉತ್ತರವಾಗಿ ಬಂದದ್ದು ಪೊಲೀಸರು. ಈ ಸಲ ಸುಮಾರು 11 ತಿಂಗಳು ಸೆರೆ. ಪುಟ್ಟ ನೀಲಿ ಕಾರ್ಡನ್ನು ಪಿಕಾರ್ ಅವರೇ ಸೃಷ್ಟಿಸಿದರು ಎಂಬ ಆರೋಪ ಬೇರೆ. ಅದರ ಮೇಲಿನ ವಿಳಾಸವನ್ನು ಕೆರೆದು ತಿದ್ದಿದ ಗುರುತು ಇತ್ತು. ಆದರೆ ಪಿಕಾರ್ ಕಾಲದಲ್ಲಿ ತೆಗೆಸಿದ ಫೋಟೋಗಳಲ್ಲಿ ಆ ಕೆರೆದ ಗುರುತೇ ಇರಲಿಲ್ಲ! ಅವರು ಹೋದ ಮೇಲೆ ಯಾರೋ ಎಸ್ಟರ್‌ಹಾಜಿಯ ಹೆಸರನ್ನು ಕೆರೆದು, ಅದೇ ಹೆಸರನ್ನು ಮತ್ತೆ ಬರೆದಿದ್ದರು, ತಿದ್ದಿದಂತೆ ಕಾಣಲಿ ಎಂದು. ಚೆಕ್ಕಿನ ಮೇಲೆ ಎಷ್ಟೋ ಬಗೆಯ ತಿದ್ದುಪಡಿ ನೋಡಿದ್ದೇನೆ, ಇಂಥದ್ದನ್ನು ನೋಡಿಲ್ಲ.

ಕಟ್ಟಡ ಕುಸಿದದ್ದು ಆಗಸ್ಟ್ 13ರ ರಾತ್ರಿ. ಮಂತ್ರಿಯ ಕಚೇರಿಯ ಕ್ಯಾಪ್ಟನ್ ಕ್ವೀನ್ಯೆ ಕಡತಗಳನ್ನು ಪರಿಶೀಲಿಸುತ್ತ ಹೆನ್ರಿಯ ಕಾಗದವನ್ನು ದೀಪದ ಬೆಳಕಿಗೆ ಹಿಡಿದರು. ಅದು ಚೌಕುಳಿ ಗೀಟಿನ ಕಾಗದ. ತಲೆ, ಬಾಲದ ಗೀಟುಗಳು ಒಂದು ಬಣ್ಣ, ನಡುವಿನ ಗೀಟುಗಳು ಇನ್ನೊಂದು ಬಣ್ಣ. ಕ್ವೀನ್ಯೆ ಪಿಕಾರ್ ಪಕ್ಷದವರಲ್ಲ, ಡ್ರೇಫಸ್ ಅಪರಾಧಿ ಎಂದೇ ನಂಬಿದ್ದವರು. ಆದರೂ ಕಂಡದ್ದನ್ನು ಹೋಗಿ ಹೇಳಿದರು. ಹೆನ್ರಿ ಮೊದಲು ಅದೂ ಇದೂ ಹೇಳಿ ಕೊನೆಗೆ ಒಪ್ಪಿಕೊಂಡ. ಮರುದಿನ ಸೆರೆಯಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಎಸ್ಟರ್‌ಹಾಜಿ ಮೀಸೆ ಬೋಳಿಸಿಕೊಂಡು ದೇಶ ಬಿಟ್ಟು ಓಡಿದ, ಇಂಗ್ಲೆಂಡಿನಲ್ಲಿ ನೆಲೆಸಿ 1923ರಲ್ಲಿ ಅಲ್ಲೇ ಸತ್ತ.

“ತಾತ, ಹೆನ್ರಿ ಒಂದೇ ಥರದ ಪೇಪರ್ ತಗೋಬಾರದಿತ್ತಾ?” ಎಂದ ನನ್ನ ಮೊಮ್ಮಗ. ಕಥೆಯ ಪರಿಣಾಮ ನಾನು ಎಣಿಸಿದ ಕಡೆಗೆ ಹೋಗುತ್ತಿಲ್ಲ ಎಂದು ಅನುಮಾನವಾಯಿತು.

1899ರ ಜೂನಿನಲ್ಲಿ ಹಳೆಯ ತೀರ್ಪು ರದ್ದಾಯಿತು. ಪಿಕಾರ್ ಬಿಡುಗಡೆಯಾದರು. ಡ್ರೇಫಸ್ ನಾಲ್ಕು ವರ್ಷಕ್ಕೂ ಮಿಕ್ಕಿ ದ್ವೀಪದಲ್ಲಿದ್ದು, ಮೂಳೆಚಕ್ಕಳವಾಗಿ ಹಿಂತಿರುಗಿದರು. ಎರಡನೆಯ ವಿಚಾರಣೆ ರೆನ್ ಪಟ್ಟಣದಲ್ಲಿ ನಡೆಯಿತು. ಸೇನಾ ನ್ಯಾಯಾಧೀಶರು ಮತ್ತೆ ಅಪರಾಧಿ ಎಂದೇ ಹೇಳಿದರು, ಆದರೆ ಶಿಕ್ಷೆ ಕಡಿಮೆ ಮಾಡುವಂಥ ಸಂದರ್ಭಗಳಿವೆ ಎಂದರು! ದೇಶದ್ರೋಹಕ್ಕೆ ಅದೆಂಥ ಸಂದರ್ಭವೋ. ಹತ್ತೇ ದಿನದಲ್ಲಿ ಸರ್ಕಾರ ಕ್ಷಮಾದಾನ ಕೊಟ್ಟಿತು. ಬಳಲಿದ್ದ ಡ್ರೇಫಸ್ ಒಪ್ಪಿಕೊಂಡರು. ಪಿಕಾರ್ ಅವರಿಗೆ ಅದು ಸರಿಬರಲಿಲ್ಲ. ತಪ್ಪು ಮಾಡದವನು ಕ್ಷಮೆ ತೆಗೆದುಕೊಳ್ಳುವುದೇ? ಮನಸ್ತಾಪ ಬೆಳೆಯಿತು. ಹೆಂಡತಿ ಮಕ್ಕಳಿಂದ ವರ್ಷಗಟ್ಟಲೆ ದೂರ ಇದ್ದವರ ಬಗ್ಗೆ ಮದುವೆಯೇ ಆಗದಿದ್ದ ಪಿಕಾರ್ ಇಷ್ಟು ಬಿಗಿಯಾಗಬಾರದಿತ್ತು ಎಂದು ನನಗೆ ಅನಿಸುತ್ತದೆ.

ಕೊನೆಗೆ 1906ರ ಜುಲೈ 12ರಂದು ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯ ಡ್ರೇಫಸ್ ನಿರ್ದೋಷಿ ಎಂದು ಸಾರಿತು. ಮರುದಿನವೇ ಸಂಸತ್ತು ಇಬ್ಬರನ್ನೂ ಸೇನೆಗೆ ಮರಳಿ ಸೇರಿಸಿಕೊಂಡಿತು. ಪಿಕಾರ್ ಬ್ರಿಗೇಡಿಯರ್ ಜನರಲ್ ಆದರು, ಅದೂ 1903ರಿಂದಲೇ ಜಾರಿಗೆ ಬರುವಂತೆ. ಡ್ರೇಫಸ್ ಅವರಿಗೆ ಸಿಕ್ಕಿದ್ದು ಬರೀ ಮೇಜರ್ ಪದವಿ. ಕಳೆದುಹೋದ ವರ್ಷಗಳು ಲೆಕ್ಕಕ್ಕೆ ಬರಲಿಲ್ಲ. ಅಕ್ಟೋಬರಿನಲ್ಲಿ ಕ್ಲೆಮಾನ್ಸೋ ಪ್ರಧಾನಿಯಾದಾಗ ಪಿಕಾರ್ ಅವರನ್ನು ಯುದ್ಧಮಂತ್ರಿ ಮಾಡಿದರು. ಸಂಗೀತವೆಂದರೆ ಪ್ರಾಣ ಬಿಡುತ್ತಿದ್ದ ಪಿಕಾರ್ ಆಗ ವಿಯೆನ್ನಾದಲ್ಲಿ ಮಾಲರ್ ಅವರ ಸಂಗೀತ ಕೇಳಲು ಹೋಗಿದ್ದರು, ತಂತಿ ಕಳಿಸಿ ಕರೆಸಿಕೊಳ್ಳಬೇಕಾಯಿತು.

ತನ್ನನ್ನು ಎತ್ತಂಗಡಿ ಮಾಡಿದವರ ಕುರ್ಚಿಯಲ್ಲಿ ಪಿಕಾರ್ ಈಗ ತಾವೇ ಕೂತಿದ್ದರು. ಡ್ರೇಫಸ್ ಬಂದು, ನನ್ನ ಸೇವಾ ವರ್ಷಗಳನ್ನೂ ನಿಮ್ಮಂತೆ ಲೆಕ್ಕ ಹಿಡಿಯಬೇಕು ಎಂದು ಕೇಳಿದರು. ಪಿಕಾರ್ ಆಗುವುದಿಲ್ಲ ಎಂದರು. ಅದಕ್ಕೆ ಹೊಸ ಕಾನೂನೇ ಬೇಕು, ಮತ್ತೆ ಗದ್ದಲವೇಳುತ್ತದೆ ಎಂಬ ಕಾರಣ. ಹಾಗೆ ನೋಡಿದರೆ, ಎರಡು ವಿಷಯಗಳನ್ನು ಬೇರೆ ಬೇರೆ ಇಡಿ ಎಂದ ಹಾಗೆಯೇ. ಡ್ರೇಫಸ್ ಮುಂದಿನ ವರ್ಷ ನಿವೃತ್ತಿ ಪಡೆದರು. ಇಡೀ ಕಥೆಯಲ್ಲಿ ನನಗೆ ತುಂಬ ಕಷ್ಟವಾಗುವುದು ಈ ಭಾಗ. ಮೊಮ್ಮಗನಿಗೂ ಇದು ಹಿಡಿಸಲಿಲ್ಲ. “ಹಾಗಾದ್ರೆ ಅವ್ರು ಒಳ್ಳೇವ್ರಾ, ಕೆಟ್ಟೋರಾ?” ಎಂದು ಮೂರು ಸಲ ಕೇಳಿದ.

ಪಿಕಾರ್ 1909ರ ಜುಲೈವರೆಗೆ ಮಂತ್ರಿಯಾಗಿದ್ದು, ಮತ್ತೆ ಸೇನೆಗೆ ಹೋಗಿ ಅಮಿಯೆನ್ಸಿನಲ್ಲಿ ಒಂದು ದಳದ ಮುಖ್ಯಸ್ಥರಾದರು. 1914ರ ಜನವರಿಯಲ್ಲಿ ಕುದುರೆಯಿಂದ ಬಿದ್ದು ಪೆಟ್ಟಾಗಿ 19ನೇ ತಾರೀಕು ತೀರಿಕೊಂಡರು. ಅದೇ ಆಗಸ್ಟಿನಲ್ಲಿ ಮಹಾಯುದ್ಧ ಬಂತು. 54 ವರ್ಷದ ಡ್ರೇಫಸ್ ಮತ್ತೆ ಸಮವಸ್ತ್ರ ತೊಟ್ಟು ದೇಶದ ಕೆಲಸಕ್ಕೆ ಹೋದರು, ಲೆಫ್ಟಿನೆಂಟ್ ಕರ್ನಲ್ ಆಗಿ ಮುಗಿಸಿದರು, 1935ರಲ್ಲಿ ತೀರಿಕೊಂಡರು. ಅವರಿಗೆ ಬ್ರಿಗೇಡಿಯರ್ ಜನರಲ್ ಪದವಿ ಕೊಡಬೇಕೆಂದು ಫ್ರಾನ್ಸಿನ ಸಂಸತ್ತಿನ ಕೆಳಮನೆ ಒಂದೂ ವಿರುದ್ಧ ಮತವಿಲ್ಲದೆ ಒಪ್ಪಿದ್ದು 2025ರ ಜೂನಿನಲ್ಲಿ.

ಮಾರ್ಕ್ಸ್ ಕಾರ್ಡು ಎರಡು ದಿನ ಮೇಜಿನ ಮೇಲೇ ಇತ್ತು. ಮೂರನೆಯ ದಿನ ನೋಡಿದರೆ ಇರಲಿಲ್ಲ. ಆ ಸಂಜೆ ಮಗನ ಕೋಣೆಯಿಂದ ಸ್ವಲ್ಪ ಜೋರು ದನಿ ಕೇಳಿಸಿತು. ನಾನು ಎದ್ದು ಹೋಗಲಿಲ್ಲ, ಪೇಪರ್ ಓದುತ್ತ ಕೂತೆ.